ಯಜಮಾನರು ಹೊತ್ತ ಕೊಡ

ಈಚೆಗೆ ಒಂದು ದಿನ ನಮ್ಮ ಯಜಮಾನರು ಕೊಡ ಹಿಡಿದು ಬೀದಿಗೆ ಇಳಿದರು.

ಇದರಲ್ಲಿ ಬರೆಯುವಂಥದ್ದೇನಿದೆ ಎಂದಿರಾ? ನಮ್ಮ ಮದುವೆಯಾಗಿ ಐವತ್ತು ವರ್ಷ ದಾಟಿದೆ. ಈ ಐವತ್ತು ವರ್ಷದಲ್ಲಿ ಅವರು ಕೊಡ ಮುಟ್ಟಿದ್ದು ಇದೇ ಮೊದಲು. ಬೀದಿಯ ನಾಯಿ ಕೂಡ ಎದ್ದು ನಿಂತು ನೋಡಿತು.

ಮೊದಲಿನಿಂದ ಹೇಳುತ್ತೇನೆ. ಮೂರು ವಾರದ ಹಿಂದೆ ನೀರಿನ ಟ್ಯಾಂಕಿನ ಮುಂದಿನ ಪಾಚಿ ಕಲ್ಲಿನ ಮೇಲೆ ಜಾರಿ ಬಿದ್ದೆ. ಎಡಗೈ ಮುರಿಯಿತು. ಹಿರಿಯೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಆರು ವಾರ ಭಾರ ಎತ್ತಬೇಡ ಎಂದರು. (ಬಲಗೈ ಗಟ್ಟಿಯಾಗಿದೆ. ಹಾಗಾಗಿ ಈ ವಾರವೂ ನಿಮಗೆ ನನ್ನ ಕಾಟ ತಪ್ಪಲಿಲ್ಲ.)

ಮನೆ ಮುಂದೆ ನಲ್ಲಿ ಇಲ್ಲವಾ ಎಂದು ಕೇಳುತ್ತೀರಿ. ಇದೆ. ನೀಲಿ ಪೈಪು, ಹೊಸ ನಲ್ಲಿ, ಪಕ್ಕದಲ್ಲಿ ಬೋರ್ಡು, ಎಲ್ಲಾ ಇದೆ. ನಮ್ಮ ಬೀದಿ ಸ್ವಲ್ಪ ದಿಬ್ಬದ ಮೇಲಿದೆ. ನಲ್ಲಿ ತಿರುವಿದರೆ ಬುಸ್ ಎಂದು ಗಾಳಿ ಬರುತ್ತದೆ. ಗಾಳಿಯಲ್ಲಿ ಮುದ್ದೆ ತೊಳಸಲಾಗುತ್ತದಾ? ಕೆಳಗಿನ ಟ್ಯಾಂಕಿಗೇ ಹೋಗಬೇಕು. (ಊರಿನ ಹೆಸರು ಬರೆಯುವುದಿಲ್ಲ. ನಾಳೆ ನಾನೂ ಅಲ್ಲೇ ನೀರು ಹಿಡಿಯಬೇಕು.)

ನೀರು ಬಿಡುವುದು ಎಂಟೂವರೆಗೆ. ಸೊಸೆ ಏಳಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಹಾಗಾದರೆ ನೀರು ಯಾರು ತರಬೇಕು? ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಕೊಡ ತಾನಾಗಿಯೇ ಮೊಮ್ಮಗಳು ಭೂಮಿಕಾಳ ಕೈಗೆ ಹೋಯಿತು.

ತಾನಾಗಿಯೇ ಎಂದು ಬರೆದೆ. ಸುಳ್ಳು. ಕೊಟ್ಟವಳು ನಾನೇ. ಆಗ ಅವಳಪ್ಪ, ಅಂದರೆ ನನ್ನ ಮಗ, ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ಅವನ ಕೈಗೆ ಕೊಡಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಹೆತ್ತು ಬೆಳೆಸಿದ್ದೇ ಹಾಗೆ. ಯಾರನ್ನು ಬೈಯಲಿ?

ಭೂಮಿಕಾ ಒಂಬತ್ತನೇ ಕ್ಲಾಸು. ಹೈಸ್ಕೂಲು ಪಕ್ಕದ ಊರಿನಲ್ಲಿದೆ, ನಡೆದು ಹೋಗಬೇಕು. ನನ್ನ ಒತ್ತಕ್ಷರ ತಿದ್ದುವವಳು ಅವಳೇ. ಅವಳಿಲ್ಲದಿದ್ದರೆ ಈ ಅಂಕಣವನ್ನು ನೀವು ಓದಲು ಆಗುತ್ತಿರಲಿಲ್ಲ. ಅಂಥ ಹುಡುಗಿ ಐದು ದಿನ ನೀರು ತುಂಬಿಟ್ಟು, ಒದ್ದೆ ಲಂಗದಲ್ಲೇ ಓಡಿದಳು. ಐದು ದಿನವೂ ಲೇಟು. ಐದು ದಿನವೂ ಮೊದಲನೇ ಪೀರಿಯಡ್ಡಿನಲ್ಲಿ ಕ್ಲಾಸಿನ ಹೊರಗೆ ನಿಂತಳು. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಆರನೇ ದಿನ ಯೂನಿಫಾರಂ ಹಾಕಲಿಲ್ಲ.

"ಯಾಕೆ?" ಎಂದೆ.

"ಹೋಗಿ ಹೊರಗೆ ನಿಲ್ಲೋದಕ್ಕಿಂತ ಮನೇಲೇ ಇರ್ತೀನಿ ಬಿಡಜ್ಜಿ. ನಿನ್ ಕೈ ಸರಿ ಆದ್ಮ್ಯಾಲೆ ಹೋಗ್ತೀನಿ."

"ಆಗ್ಲಿ ಬಿಡು, ಆರು ವಾರ ತಾನೆ" ಎಂದೆ. ಹೌದು, ನಾನೇ ಅಂದೆ.

ಜಗಲಿಯ ಮೇಲೆ ಬೀಡಿ ಹಚ್ಚುತ್ತಿದ್ದ ಯಜಮಾನರು ಬೀಡಿ ಕೆಳಗಿಟ್ಟರು. "ಆರು ವಾರಾನಾ?"

"ಮತ್ತೇನು, ನೀವು ತರ್ತೀರಾ ನೀರು?"

ನಾನು ಚುಚ್ಚಲೆಂದು ಅಂದದ್ದು. ಅವರು ಎದ್ದೇಬಿಟ್ಟರು. ಟವೆಲ್ಲು ಹೆಗಲಿಗೆ ಹಾಕಿದರು, ಹುಡುಗಿಯ ಕೈಯಿಂದ ಕೊಡ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು: "ಯಾವ ಟ್ಯಾಂಕಿಗೆ ಹೋಗ್ತೀರಿ ನೀವು? ಮೇಲಿಂದಕ್ಕೋ ಕೆಳಗಿಂದಕ್ಕೋ?"

ಕೇಳಿದಿರಾ? ಈ ಮನುಷ್ಯ ಜೀವನವೆಲ್ಲಾ ಕುರಿ ಕಾಯ್ದವರು. ಯಾವ ಹಳ್ಳದಲ್ಲಿ ಯಾವ ತಿಂಗಳು ಕುರಿಗೆ ನೀರು ಸಿಗುತ್ತದೆ ಎಂದು ಜವನಗೊಂಡನಹಳ್ಳಿಯಿಂದ ಹೊಸದುರ್ಗದ ತನಕ ಹೇಳುತ್ತಾರೆ. ತಮ್ಮ ಮನೆಯ ಗಡಿಗೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಿಲ್ಲ.

"ಕೆಳಗಿಂದಕ್ಕೆ" ಎಂದೆ. ಹಿಂದೆಯೇ ನಾನೂ ಹೋದೆ. ಇಂಥ ನೋಟ ಬಿಡಲಾಗುತ್ತದಾ?

ಟ್ಯಾಂಕಿನ ಹತ್ತಿರ ಹೆಂಗಸರ ಸಾಲು. ಮುಂದೆಯೇ ನಮ್ಮ ಪಕ್ಕದ ಮನೆ ರತ್ನಮ್ಮ. ಬಾಯಿ ಜೋರು, ಮನಸ್ಸು ಮೆತ್ತಗೆ.

"ಏನ್ ಮಾವ, ದಾರಿ ತಪ್ಪಿ ಬಂದ್ರೇನು? ಕುರಿ ಈ ಕಡೆ ಬಂದಿಲ್ಲ."

"ಕುರಿಗಲ್ಲಮ್ಮ, ನೀರಿಗೆ ಬಂದೀನಿ."

"ಸರದಿ ಐತೆ ನೋಡ್ರಿ. ಗಂಡಸರು ಅಂತ ಮುಂದೆ ಬಿಡಲ್ಲ."

"ಬಿಡಬ್ಯಾಡ್ರಿ. ನಿಲ್ತೀನಿ."

ನಿಂತರು. ಮುಕ್ಕಾಲು ಗಂಟೆ. ಕೊಡ ತುಂಬಿತು. ಎತ್ತಿ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ತಲೆಗೆ ಇಡಲು ಧೈರ್ಯವಿಲ್ಲ. ಕೊನೆಗೆ ಆಗಷ್ಟೇ ಹುಟ್ಟಿದ ಕುರಿಮರಿ ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡರು. ಅಂಗಿಯೆಲ್ಲಾ ನೀರು.

"ಮಾವ, ಅದಕ್ಕೆ ಕಾಲಿಲ್ಲ, ಓಡಿ ಹೋಗಲ್ಲ. ಸೊಂಟಕ್ಕಿಡ್ರಿ!"

"ಸೊಂಟ ಎಲ್ಲೈತಮ್ಮ ನನಗೆ?"

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅವರು ದಿಬ್ಬ ಹತ್ತುವುದನ್ನು ಹಿಂದಿನಿಂದ ನೋಡಿದೆ. ಒಂದೊಂದೇ ಹೆಜ್ಜೆ. ಮೊಣಕಾಲಿನ ಮೇಲೆ ಕೈಯಿಡಲು ಕೈ ಖಾಲಿಯಿಲ್ಲ. ನಗು ನಿಂತುಹೋಯಿತು.

ಮನೆ ಮುಟ್ಟುವ ಹೊತ್ತಿಗೆ ಅರ್ಧ ಕೊಡ ಉಳಿದಿತ್ತು. ಇಳಿಸಿ, ಗೋಡೆಗೆ ಒರಗಿ ನಿಂತು, ಉಸಿರು ಬಿಟ್ಟು ಕೇಳಿದರು: "ಇದು ಇಷ್ಟು ಭಾರ ಐತೇನೇ?"

"ಇವತ್ತು ಗೊತ್ತಾತಾ ನಿಮಗೆ?"

ಖಾಲಿ ಕೊಡ ತೆಗೆದುಕೊಂಡು ಮತ್ತೆ ಹೋದರು. ನಾಲ್ಕು ಸಲ ಹೋಗಿ ಬಂದರು. ಸಾಯಂಕಾಲ ಅವರ ಭುಜಕ್ಕೆ ಬಿಸಿ ಎಣ್ಣೆ ತಿಕ್ಕಿದೆ. ಗಂಡನ ಮೈಗೆ ಎಣ್ಣೆ ತಿಕ್ಕುವುದು ನನಗೆ ಹೊಸದಲ್ಲ. ಅವರು ನನ್ನ ತಲೆಯ ಮಧ್ಯೆ ಕೂದಲು ಉದುರಿದ ಜಾಗವನ್ನು ಬೆರಳಿನಿಂದ ಮುಟ್ಟಿ, "ಇದು ಕೊಡದಿಂದ್ಲೇ ಆಗಿದ್ದಾ?" ಎಂದರಲ್ಲ, ಅದು ಹೊಸದು.

"ಅಲ್ಲ, ನಿಮ್ಮ ಜೊತೆ ಬಾಳ್ವೆ ಮಾಡಿ ಆಗಿದ್ದು" ಎಂದೆ. ಇನ್ನೇನು ಅನ್ನಲಿ?

ಈಗ ನನಗೆ ಸಿಟ್ಟು ಬಂದ ಕಥೆ ಕೇಳಿ.

ಮೂರನೇ ದಿನ ವಾಟರ್‌ಮನ್ ಬಂದ. ಮೋಟಾರು ಹಾಕುವವನು ಅವನೇ. ಸಾಲಿನಲ್ಲಿ ಇವರನ್ನು ನೋಡಿ ಗಾಬರಿಯಾದ. "ಅಯ್ಯೋ, ನೀವ್ಯಾಕೆ ಬಂದ್ರಿ ಅಜ್ಜ?"

"ನೀರಿಗೆ. ಏಳು ಗಂಟೆಗೇ ಬಿಡಪ್ಪ. ಹುಡುಗರು ಸ್ಕೂಲಿಗೆ ಹೋಗ್ತವೆ."

"ಆಗ್ಲಿ ಬಿಡಜ್ಜ. ನಾಳೆಯಿಂದ ಏಳಕ್ಕೇ."

ಮುಗಿಯಿತು. ಇಷ್ಟೇ!

ಇದೇ ಮಾತನ್ನು ನಾವು ಹೆಂಗಸರು ಎಷ್ಟು ಗ್ರಾಮಸಭೆಯಲ್ಲಿ ಹೇಳಿದ್ದೇವೆ? ಒಂದು ಸಲ ಮೋಟಾರು ಸುಡುತ್ತದೆ ಎಂದರು. ಒಂದು ಸಲ ಕರೆಂಟು ಇರುವುದಿಲ್ಲ ಎಂದರು. ಇನ್ನೊಂದು ಸಲ, ಬೇಗ ನೀರು ಹಿಡಿದು ಏನು ಮಾಡುತ್ತೀರಿ, ಹರಟೆ ಹೊಡೆಯುತ್ತೀರಾ ಎಂದು ನಕ್ಕರು. ಮಾರನೇ ದಿನ ಏಳಕ್ಕೆ ನೀರು ಬಂತು. ಅದೇ ಮೋಟಾರು, ಅದೇ ಕರೆಂಟು. ಸುಡಲಿಲ್ಲ.

ಭೂಮಿಕಾ ಜಡೆ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಹೊರಟಳು. ನಾನು ಮುಖ ಗಂಟು ಹಾಕಿ ಕೂತೆ.

"ಒಳ್ಳೇದೇ ಆತಲ್ಲ, ಯಾಕೆ ಹಿಂಗೆ ಕುಂತೀಯ?" ಎಂದರು ಯಜಮಾನರು.

"ಒಳ್ಳೇದಾತು. ಅದಕ್ಕೇ ಸಿಟ್ಟು."

ಅವರಿಗೆ ಅರ್ಥವಾಗಲಿಲ್ಲ. ಓದುವ ಹೆಂಗಸರಿಗೆ ಆಗಿರುತ್ತದೆ.

ನೀರು ಬೇಗ ಬಂದರೂ ಅವರು ಕೊಡ ಬಿಡಲಿಲ್ಲ. ಸಾಲಿನಲ್ಲಿ ನಿಂತರೆ ಕಿವಿಗೆ ಏನೇನೋ ಬೀಳುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಹೆಂಗಸರು ಅವರು ಗಂಡಸು ಎನ್ನುವುದನ್ನೇ ಮರೆತು ಮಾತಾಡಲು ಶುರು ಮಾಡಿದ್ದರು. ಒಂದು ದಿನ ನೀರು ತಂದಿಟ್ಟವರು ನನ್ನ ಮುಖ ನೋಡದೆ, ಮಾಡಿನ ಹಂಚು ನೋಡುತ್ತಾ ಕೇಳಿದರು:

"ಹುಡುಗಿ ತಿಂಗಳಲ್ಲಿ ಮೂರು ದಿನ ಸ್ಕೂಲಿಗೆ ಹೋಗಲ್ವಂತೆ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಲ್ಲಿ ಪಾಯಿಖಾನೆಯಾಗೆ ನೀರಿಲ್ವಂತೆ."

"ಇಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?"

ಆ ಪಾಯಿಖಾನೆ ನಾನೂ ನೋಡಿದ್ದೇನೆ. ಗುಲಾಬಿ ಬಣ್ಣ. ಗೋಡೆಯ ಮೇಲೆ ಕೈ ತೊಳೆಯುವ ಹುಡುಗಿಯ ಚಿತ್ರ. ಉದ್ಘಾಟನೆಯ ದಿನ ಹೆಣ್ಣುಮಕ್ಕಳ ಸಮಾನತೆ ಎಂದು ಭಾಷಣವಿತ್ತು, ಉಪ್ಪಿಟ್ಟಿತ್ತು. ನಾನು ಉಪ್ಪಿಟ್ಟು ತಿಂದು ಬಂದೆ. ಚಿತ್ರದ ನಲ್ಲಿಯಲ್ಲಿ ನೀರು ಬರುತ್ತಿದೆ. ಗೋಡೆಯ ಒಳಗಿನ ನಲ್ಲಿಯಲ್ಲಿ ಇಲ್ಲ. ಗಂಡುಹುಡುಗರಿಗೆ ಬಯಲಿದೆ. ಹೆಣ್ಣುಮಕ್ಕಳಿಗೆ ಆ ಮೂರು ದಿನ ಮನೆ.

ಮನೆಯಲ್ಲಿರು ಎಂದು ಅವಳಿಗೆ ಹೇಳಿದವಳೂ ನಾನೇ. ನಮ್ಮ ಕಾಲದಲ್ಲಿ ಊರ ಹೊರಗೆ ಕೂರುತ್ತಿದ್ದೆವು, ಇವಳು ಮನೆಯ ಒಳಗಾದರೂ ಇದ್ದಾಳಲ್ಲ, ಇದೇ ದೊಡ್ಡದು ಎಂದುಕೊಂಡಿದ್ದೆ. ನಾನು ಪಟ್ಟ ಕಷ್ಟದಲ್ಲಿ ಅವಳದನ್ನು ಅಳೆದೆ. ಮುದುಕಿಯರು ಮಾಡುವ ತಪ್ಪು ಇದು.

"ಗ್ರಾಮಸಭೆ ಐತಲ್ಲ, ನಾನೇ ಹೋಗಿ ಹೇಳ್ತೀನಿ" ಎಂದರು ಯಜಮಾನರು.

"ಬ್ಯಾಡ. ನಾವು ಹೋಗ್ತೀವಿ."

"ಹಟ ಮಾಡ್ಬ್ಯಾಡ. ನಾನು ಹೇಳಿದ್ರೆ ಕೆಲ್ಸ ಆಗ್ತೈತೆ, ನೀನೇ ನೋಡಿದ್ಯಲ್ಲ. ಹುಡುಗಿ ಓದು ಕೆಡ್ತೈತೆ."

"ನೋಡೀನಿ. ನಾಳೆ ನೀವಿಲ್ದಾಗ ಅವಳು ಯಾರನ್ನ ಕಳಿಸ್ಬೇಕು?"

ಮೂಲೆಯ ಬಟ್ಟೆ ರಾಶಿ ಎತ್ತಿಕೊಂಡು, "ಹೋಗ್ರಿ. ಬಟ್ಟೆ ನಾನು ಒಗೀತೀನಿ" ಎಂದರು.

ನಾನು, ರತ್ನಮ್ಮ, ಭೂಮಿಕಾ ಮೂವರೂ ಹೋದೆವು. ನಿಜ ಹೇಳುತ್ತೇನೆ, ಒಳಗೆ ಅಳುಕಿತ್ತು. ನನ್ನ ಹಟಕ್ಕೆ ಹುಡುಗಿಯ ಕೆಲಸ ಕೆಟ್ಟರೆ? ಆ ಹೈಸ್ಕೂಲಿನ ಊರೂ ನಮ್ಮ ಪಂಚಾಯ್ತಿಗೇ ಸೇರಿದ್ದು. ಇಲ್ಲಿ ಆಗದಿದ್ದರೆ ಇನ್ನೆಲ್ಲಿ ಕೇಳುವುದು?

ನಮ್ಮ ಸರದಿ ಬಂದಾಗ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಕೇಳಿದರು: "ಯಜಮಾನರು ಬರಲಿಲ್ವಾ ಅಜ್ಜಿ? ಅವರಾದ್ರೆ ವಿವರವಾಗಿ ಹೇಳೋರು."

ನಾನು ಬಾಯಿ ತೆಗೆಯುವ ಮೊದಲೇ ರತ್ನಮ್ಮ ಅಂದಳು: "ಮಾವಗೆ ಪುರುಸೊತ್ತಿಲ್ಲ ಸಾರ್. ಬಟ್ಟೆ ಒಗೀತಾ ಅವ್ರೆ."

ಗಂಡಸರು ಗೊಳ್ ಎಂದು ನಕ್ಕರು. ನಾನು ಪ್ಲಾಸ್ಟರ್ ಹಾಕಿದ ಕೈಯನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಜೋರಾಗಿಯೇ ಇಟ್ಟೆ. ನಗು ನಿಂತಿತು.

"ಹೈಸ್ಕೂಲಿನ ಹುಡುಗೀರ ಪಾಯಿಖಾನೆಗೆ ನೀರಿಲ್ಲ. ಪೈಪು ಬೇಕು."

"ನೋಡೋಣ ಅಜ್ಜಿ. ಎಲ್ಲಿಂದ ಎಳೀಬೇಕು, ಎಷ್ಟು ಉದ್ದ, ಅದೆಲ್ಲಾ ತಿಳೀಬೇಕಲ್ಲ?"

ನನಗೆ ಗೊತ್ತಿರಲಿಲ್ಲ. ರತ್ನಮ್ಮನಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಸಣ್ಣ ದನಿ ಬಂತು.

"ಸ್ಕೂಲ್ ಹತ್ರದ ಟ್ಯಾಂಕಿನಿಂದ ಇಪ್ಪತ್ತೆಂಟು ಹೆಜ್ಜೆ ಸಾರ್. ಮಧ್ಯ ಬಂಡೆ ಇಲ್ಲ, ಮಣ್ಣೇ ಐತೆ. ನಾನು ಎಣಿಸೀನಿ."

ಭೂಮಿಕಾ. ಎಷ್ಟು ಸಲ ಬಕೆಟ್ಟು ಹಿಡಿದು ನಡೆದು ಎಣಿಸಿದ್ದಳೋ! ಅವಳ ತಿಂಗಳಿನ ಮೂರು ದಿನ ನನಗೆ ಗೊತ್ತಿತ್ತು. ಈ ಇಪ್ಪತ್ತೆಂಟು ಹೆಜ್ಜೆ ಗೊತ್ತಿರಲಿಲ್ಲ.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. "ಅರ್ಜಿ ಬರ್ಕೊಂತೀನಿ. ಯಜಮಾನರ ಹೆಸರು ಹೇಳಿ."

"ಅದು ನನ್ನ ಬಾಯಾಗೆ ಬರಲ್ಲ ಸಾರ್" ಎಂದೆ. ಐವತ್ತು ವರ್ಷದಿಂದ ಗಂಡನ ಹೆಸರು ಹೇಳದ ಬಾಯಿ ಇದು. "ನೀರು ಯಾರಿಗೆ ಬೇಕೋ ಅವರ ಹೆಸರು ಬರ್ಕಳ್ರಿ. ಭೂಮಿಕಾ, ಒಂಬತ್ತನೇ ಕ್ಲಾಸು."

ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು. ಹುಡುಗಿ ಬಗ್ಗಿ ನೋಡಿ, "ದೀರ್ಘ ಮಿಗೆ ಅಲ್ಲ ಸಾರ್, ಭೂಗೆ ಬರಬೇಕು" ಎಂದು ತಿದ್ದಿದಳು. ತಿದ್ದಿಕೊಂಡರು.

ಗಂಡನ ಹೆಸರು ಹೇಳಬಾರದು ಎಂಬ ಪದ್ಧತಿಯಿಂದ ಜೀವನದಲ್ಲಿ ನನಗೆ ಒಂದು ಉಪಯೋಗವಾಯಿತು ಎಂದರೆ ಅದು ಇದೇ.

ಮನೆಗೆ ಬಂದರೆ ಯಜಮಾನರು ನನ್ನ ಸೀರೆ ಹಿಂಡುತ್ತಿದ್ದರು. ಮರಿಯ ಕಾಲು ಹಿಡಿದ ಹಾಗೆ ಹಿಡಿದಿದ್ದರು.

"ಏನಂದ್ರು?"

"ಬರ್ಕಂಡ್ರು."

"ಯಾರ ಹೆಸರಾಗೆ?"

"ಭೂಮಿಕನ ಹೆಸರಾಗೆ."

ಸೀರೆಯನ್ನು ತಂತಿಯ ಮೇಲೆ ಹರವಿದರು. ಸೆರಗು ನೆಲಕ್ಕೆ ತಾಗಿ ಮಣ್ಣಾಯಿತು. ಹುಡುಗಿಯ ತಲೆ ಸವರಿ, "ನನ್ನ ಹೆಸರಿಗಿಂತ ಚೆನ್ನಾಗೈತೆ" ಎಂದರು.

ಇದಾಗಿ ಇವತ್ತಿಗೆ ಒಂಬತ್ತು ದಿನ. ಪೈಪು ಇನ್ನೂ ಬಂದಿಲ್ಲ. ವಾಟರ್‌ಮನ್‌ಗೆ ಅಜ್ಜನ ಮಾತು ನಡೆಸಲು ಒಂದು ರಾತ್ರಿ ಸಾಕಾಯಿತು.

ಹುಡುಗಿಯ ಹೆಸರಿನಲ್ಲಿ ಹೊರಟ ಪೈಪಿಗೆ ಇಪ್ಪತ್ತೆಂಟು ಹೆಜ್ಜೆ ನಡೆಯಲು ಎಷ್ಟು ದಿನ ಬೇಕು, ನೀವೇ ಹೇಳಿ?