ಎರಡು ಬಾಗಿಲಿನ ಡೇರೆ

ಮನೆಗೆ ಬಂದ ನೆಂಟರು ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೇಳುವ ಪ್ರಶ್ನೆ ಒಂದಿದೆಯಲ್ಲ, “ನಿನಗ ಅಪ್ಪ ಬೇಕೋ ಅವ್ವ ಬೇಕೋ?” ಎಂದು. ಅದು ಕಿವಿಗೆ ಬಿದ್ದರೆ ನನ್ನ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಗು ಕಕ್ಕಾಬಿಕ್ಕಿಯಾಗಿ ಇಬ್ಬರ ಮುಖ ನೋಡುವುದು, ಬಂದವರು ನಗುವುದು, ಎಲ್ಲ ಮನೆಗಳಲ್ಲೂ ನಡೆಯುವಂಥದ್ದೇ. ಅಪ್ಪ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಒಮ್ಮೆ ಬೆಳಗಾವಿಯಿಂದ ಬಂದ ಸೋದರಮಾವ ನನ್ನನ್ನೇ ಹಾಗೆ ಕೇಳಿದಾಗ, “ಚಾ ಕುಡದು ಹೊಂಡ್ರಿ” ಎಂದುಬಿಟ್ಟ. ತವರಿನವರಿಗೆ ಅವಮಾನವಾಯಿತೆಂದು ಅವ್ವ ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಮಿಲಿಟರಿಯವರ ಸಿಟ್ಟು ಎಂದುಕೊಂಡು ನಾವು ಅಕ್ಕತಂಗಿಯರು ಸುಮ್ಮನಾದೆವು.

ಅಪ್ಪ ಸಿಪಾಯಿ. ಬೆಳಗಾವಿಯಲ್ಲಿ ಭರ್ತಿಯಾಗಿ, ಊರೂರು ತಿರುಗಿ, ಪುಣೆಯಲ್ಲಿ ನಿವೃತ್ತನಾಗಿ ಇಲ್ಲೇ ಉಳಿದವನು. ಕೊರಿಯಾಕ್ಕೆ ಹೋಗಿದ್ದ ಎಂಬುದು ನಮಗೆ ಗೊತ್ತಿತ್ತು. ಹಡಗಿನಲ್ಲಿ ವಾಂತಿ, ಅಲ್ಲಿ ಭಾಳ ಥಂಡಿ, ಇಷ್ಟೇ ಅವನು ಹೇಳಿದ್ದು. ಉಳಿದದ್ದನ್ನು ಹೇಳಿದ್ದು ತೊಂಬತ್ತು ದಾಟಿದ ಮೇಲೆ, ಹೋದ ವರ್ಷ, ಪುಣೆಯ ಪಕ್ಕದ ಚಿಂಚವಾಡದ ನಮ್ಮ ಫ್ಲ್ಯಾಟಿನಲ್ಲಿ.

ಆಗ ನನ್ನ ಮಗಳು ಗಂಡನನ್ನು ಬಿಟ್ಟು, ಎಂಟು ವರ್ಷದ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಅಳಿಯ ಕರಾವಳಿಯವನು. ಪುಣೆಯ ಇನ್ನೊಂದು ತುದಿಯ ಖರಾಡಿಯಲ್ಲಿ ಅವನದೊಂದು ಹೋಟೆಲು. ಒಳ್ಳೆಯವನೋ ಕೆಟ್ಟವನೋ ಎಂದು ನನ್ನನ್ನು ಕೇಳಬೇಡಿ. ನಾನು ಹೆಣ್ಣಿನ ತಾಯಿ, ನನ್ನ ಹತ್ತಿರ ನ್ಯಾಯ ಸಿಗುವುದಿಲ್ಲ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರು. ಮಗು ಯಾರ ಬಳಿ ಇರಬೇಕು ಎಂಬುದಕ್ಕೆ ಮಾತ್ರ ಕೋರ್ಟಿನಲ್ಲಿ ಹಗ್ಗಜಗ್ಗಾಟ. ಮುಂದಿನ ತಾರೀಖಿಗೆ ನ್ಯಾಯಾಧೀಶರು ಮಗುವನ್ನೇ ಒಳಗೆ ಕರೆದು ಕೇಳುತ್ತಾರೆ ಎಂದು ವಕೀಲರು ತಿಳಿಸಿದರು.

ಸರಿ, ತಯಾರಿ ಶುರುವಾಯಿತು. ಮಗಳು ನ್ಯಾಯಾಧೀಶಳಾಗಿ ಸೋಫಾದ ಮೇಲೆ ಕೂರುವಳು. ನಾನು ಮಗುವಿನ ಕೈಹಿಡಿದು ಅಡುಗೆಮನೆಯಿಂದ ಕರೆತರುವ ಪಟ್ಟೇವಾಲಾ, ಕೋರ್ಟಿನ ಜವಾನ.

“ಯಾರ ಜೊತಿ ಇರ್ತಿ?”

“ಅಮ್ಮನ ಜೊತಿ.”

“ಯಾಕ?”

“ಅಮ್ಮ ಅಭ್ಯಾಸ ಮಾಡಸ್ತಾಳ. ಪಪ್ಪಾ ಯಾವಾಗಲೂ ಹೋಟೆಲ್‌ನ್ಯಾಗ ಇರ್ತಾರ.”

ತಪ್ಪಿಲ್ಲದೆ ಹೇಳಿದರೆ ಬೆನ್ನು ತಟ್ಟುತ್ತಿದ್ದೆವು. ಅಪ್ಪ ಮೂಲೆಯ ಕುರ್ಚಿಯಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದ. ಕೇಳಿಸುತ್ತಿಲ್ಲ ಎಂದುಕೊಂಡಿದ್ದೆ. ಒಂದು ಸೋಮವಾರ, ಮಗು ರವಿವಾರವೆಲ್ಲ ತಂದೆಯ ಬಳಿ ಇದ್ದು ಬಂದ ಮರುದಿನ, ಮಗಳು ಅದೇ ಪ್ರಶ್ನೆ ಕೇಳಿದಳು. ಮಗು ನಮ್ಮಿಬ್ಬರ ಮುಖವನ್ನೂ ನೋಡಿತು.

“ಇವತ್ತ ಯಾವ ಉತ್ತರ ಹೇಳಬೇಕು? ಇಲ್ಲಿದೋ, ಪಪ್ಪಾನ ಮನೀದೋ?”

ಅಲ್ಲಿಯೂ ಒಂದು ಉತ್ತರ ಕಲಿಸುತ್ತಿದ್ದರು. ಮಗು ಎರಡನ್ನೂ ಬಾಯಿಪಾಠ ಮಾಡಿತ್ತು. “ನೋಡವ್ವಾ, ಅವರು ಹುಡುಗಿ ತಲಿ ಹೆಂಗ ಕೆಡಸ್ಯಾರ!” ಎಂದು ಮಗಳು ಕಿಡಿಕಿಡಿಯಾದಳು. ಹೌದೆಂದು ನಾನೂ ದನಿಗೂಡಿಸಿದೆ. ನಾವು ಮಾಡುತ್ತಿದ್ದುದಕ್ಕೂ ಅದೇ ಹೆಸರು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಶೇಂಗಾದ ತಟ್ಟೆ ಕೆಳಗಿಟ್ಟ. “ಸಾಕ ಮಾಡ್ರಿ,” ಎಂದ. ಮಗುವನ್ನು ಕೆಳಗೆ ಆಡಲು ಕಳಿಸಿ, ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೊರಿಯಾ ಎರಡು ಹೋಳಾಗಿತ್ತು. ಒಂದರ ಬೆನ್ನಿಗೆ ಅಮೆರಿಕ, ಇನ್ನೊಂದರ ಬೆನ್ನಿಗೆ ರಷ್ಯಾ ಮತ್ತು ಚೀನಾ. ಹೊಡೆದಾಡಿ ಸಾಕಾಗಿ ಗುಂಡು ನಿಂತಾಗ, ಅಮೆರಿಕದ ಕಡೆಯವರ ಕೈಗೆ ಸಿಕ್ಕಿದ್ದ ಸಾವಿರಾರು ಕೈದಿಗಳು, ಕಮ್ಯುನಿಸ್ಟರ ಆಳ್ವಿಕೆಯ ತಮ್ಮ ಊರುಗಳಿಗೆ ವಾಪಸು ಹೋಗುವುದಿಲ್ಲ ಎಂದರು. ಹೆದರಿಸಿ ಹಾಗೆ ಹೇಳಿಸಿದ್ದಾರೆ ಎಂದಿತು ಒಂದು ಕಡೆ. ಅದು ಅವರ ಸ್ವಂತ ಮಾತು ಎಂದಿತು ಇನ್ನೊಂದು ಕಡೆ. ಕೈದಿ ಯಾರನ್ನು ಆರಿಸಿಕೊಂಡನೋ ಅವರ ಆಡಳಿತವೇ ಮೇಲು ಎಂದು ಇಬ್ಬರಿಗೂ ಜಗತ್ತಿನ ಮುಂದೆ ತೋರಿಸಬೇಕಾಗಿತ್ತು. ಯಾರ ಕಡೆಗೂ ಸೇರದ ದೇಶವೆಂದು ನಮ್ಮ ಸೈನಿಕರನ್ನು ಕಾವಲಿಗೆ ಕರೆಸಿಕೊಂಡರು. ಅಪ್ಪನಿಗೆ ಆಗ ಇಪ್ಪತ್ತರ ವಯಸ್ಸು.

“ಒಂದ ಡೇರೆ,” ಎಂದ ಅಪ್ಪ. “ಒಳಗ ಎರಡೂ ಕಡೆ ಮಂದಿ, ಬ್ಯಾರೆ ಬ್ಯಾರೆ ದೇಶದ ಸಾಹೇಬರು. ಕೈದಿನ್ನ ಒಬ್ಬೊಬ್ಬನ್ನ ಕರಕೊಂಡು ಬರೂದು. ಅವನ ಊರಿನವರು ತಿಳಿಸಿ ಹೇಳ್ತಿದ್ರು, ಬಾ, ಮನೀಗೆ ಬಾ ಅಂತ. ಹೊರಗ ಹೋಗಲಿಕ್ಕೆ ಎರಡು ಬಾಗಿಲು. ಒಂದರಾಗ ಹೋದ್ರ ಊರು. ಇನ್ನೊಂದರಾಗ ಹೋದ್ರ ಮತ್ತ ಅಮೆರಿಕದ ಕಡೆಯವರ ಪಾಲು.”

ಕೈದಿಗಳು ಕುರ್ಚಿ ಎತ್ತಿ ಎಸೆಯುತ್ತಿದ್ದರು, ಉಗುಳುತ್ತಿದ್ದರು, ಶಿಬಿರದ ಬೇಲಿಯೊಳಗೆ ಕಲಿತ ಘೋಷಣೆ ಕೂಗುತ್ತಿದ್ದರು. ಅದಕ್ಕೇ ಒಬ್ಬೊಬ್ಬನ ಎರಡೂ ತೋಳಿಗೆ ಒಬ್ಬೊಬ್ಬ ಸಿಪಾಯಿ. ಒಂದು ದಿನ ಅಪ್ಪನ ಕೈಗೆ ಬಂದವನು ಅವನದೇ ವಯಸ್ಸಿನ ಹುಡುಗ. ಒಳಗೆ ಬರುತ್ತಲೇ ಕೂಗಿದ. ಎದುರಿಗಿದ್ದವರು ತಿರುಗಿ ಕೂಗಲಿಲ್ಲ. ಅವನ ಭಾಷೆಯಲ್ಲೇ ಮೆಲ್ಲಗೆ ಏನೋ ಹೇಳಿದರು. ಅವನ ಕೂಗು ನಿಂತುಹೋಯಿತು.

“ಭಾಷಾ ನನಗ ತಿಳೀಲಿಲ್ಲ. ಆದ್ರ ಅವನ ತೋಳು ನನ್ನ ಕೈಯಾಗಿತ್ತು. ಒಮ್ಮೆಲೆ ಸಡಲಾತು. ಆ ಬಾಗಿಲಕ್ಕೂ ಜಗ್ಗಲಿಲ್ಲ, ಈ ಬಾಗಿಲಕ್ಕೂ ಜಗ್ಗಲಿಲ್ಲ, ಪೂರ್ತಿ ಭಾರ ನನ್ನ ಮ್ಯಾಲೆ ಬಿಟ್ಟ. ಬಿಟ್ಟು ಕಣ್ಣ ಎತ್ತಿ ನನ್ನ ಮಾರಿ ನೋಡಿದ. ನಮಗ ಹುಕುಂ ಇತ್ತು, ಮಾರಿ ಮ್ಯಾಲೆ ಏನೂ ತೋರಸಬಾರದು ಅಂತ. ನಾ ಕಲ್ಲಿನಂಗ ನಿಂತೆ.”

“ಕಡೀಗೆ ಯಾವ ಬಾಗಿಲಕ್ಕ ಹೋದ ಅಪ್ಪಾ?” ಎಂದೆ.

“ಅಲ್ಲಿ ಎಲ್ಲಾರೂ ಅದನ್ನೇ ಕೇಳಿದ್ರು,” ಎಂದ ಅಪ್ಪ. “ಅವತ್ತ ಸಾಹೇಬರೂ ಅದನ್ನೇ ಕೇಳಿದ್ರು. ನನ್ನ ಮಾರ್ಯಾಗ ಅಂವ ಏನ ಹುಡುಕ್ತಿದ್ದ ಅಂತ ಒಬ್ಬರೂ ಕೇಳಲಿಲ್ಲ.”

ನನಗೆ ನಾಚಿಕೆಯಾಯಿತು. ಮಗಳು ತಲೆ ತಗ್ಗಿಸಿ ಶೇಂಗಾದ ಸಿಪ್ಪೆ ಬಳಿಯತೊಡಗಿದಳು. ಆಮೇಲೆ, “ಮೊದಲ ಅವರು ಕಲಸೂದು ನಿಲ್ಲಸಲಿ, ನಾನೂ ನಿಲ್ಲಸ್ತೀನಿ,” ಎಂದಳು.

ಮುಂದಿನ ರವಿವಾರ ಮಗುವನ್ನು ಬಿಡಲು ಖರಾಡಿಗೆ ಹೋಗುವಾಗ ಅಪ್ಪ ತಾನೂ ಬರುತ್ತೇನೆಂದು ಹಟ ಹಿಡಿದ. ಹೋಟೆಲಿನ ಗಲ್ಲಾದ ಹಿಂದೆ ಅಳಿಯ ನಿಂತಿದ್ದ. ನನ್ನನ್ನು ನೋಡಿ ಮುಖ ಬಿಗಿಯಾಯಿತು. ಅಪ್ಪನನ್ನು ಕಂಡು ಕುರ್ಚಿ ತಂದು ಹಾಕಿದ. ಮಗುವಿಗೆ ಕಲಿಸುವುದನ್ನು ಬಿಡು ಎಂದ ಅಪ್ಪ.

“ನಾನೊಬ್ಬನೇ ನಿಲ್ಲಿಸಿದ್ರೆ ಆಗ್ತದಾ ಅಜ್ಜ? ಮೊದ್ಲು ಆ ಕಡೆಯವ್ರು ನಿಲ್ಲಿಸ್ಲಿ.”

ಅಪ್ಪ ನಕ್ಕುಬಿಟ್ಟ. ಸಂತೋಷದ ನಗುವಲ್ಲ. “ಮನ್ಯಾಗ ಆಕೀನೂ ಇದನ್ನೇ ಅಂದ್ಲು. ಅಲ್ಲೂ ಹಿಂಗ ಇತ್ತಪ್ಪಾ. ದೊಡ್ಡವರು ಯಾರೂ ಮೊದಲ ನಿಲ್ಲಸಂಗಿಲ್ಲ.” ಆಮೇಲೆ ಮಗು ಕೇಳಿದ ಪ್ರಶ್ನೆಯನ್ನು ಹೇಳಿದ, ಇಲ್ಲಿದೋ ಪಪ್ಪಾನ ಮನೀದೋ ಎಂದದ್ದನ್ನು. ಅಳಿಯ ಬಿಲ್ಲು ಕೊಡಲು ಬಂದ ಗಿರಾಕಿಯನ್ನೂ ನೋಡದೆ ನಿಂತ. ಕಡೆಗೆ, “ಆಯ್ತು ಅಜ್ಜ. ಇನ್ನು ಕಲಿಸುದಿಲ್ಲ,” ಎಂದ. ಅವನ ಮೇಲೆ ನನಗಿದ್ದ ಸಿಟ್ಟು ಆ ದಿನ ಸ್ವಲ್ಪ ಇಳಿಯಿತು. ಪೂರ್ತಿ ಇಳಿಯಿತೆಂದರೆ ಸುಳ್ಳಾಗುತ್ತದೆ.

ಕೋರ್ಟಿನ ದಿನ ಅಪ್ಪನನ್ನೂ ಕರೆದುಕೊಂಡು ಹೋದೆವು. ಪಡಸಾಲೆಯ ಒಂದು ಬೆಂಚಿನಲ್ಲಿ ನಾವು, ಎದುರಿನ ಬೆಂಚಿನಲ್ಲಿ ಅಳಿಯ. ಮಗು ನಡುವೆ ಓಡಾಡುತ್ತಿತ್ತು. ಹೊರಗೆ ಬಂದ ಮೇಲೆ ಏನು ಹೇಳಿದೆ ಎಂದು ಅವಳನ್ನು ಯಾರೂ ಕೇಳಬಾರದೆಂದು ಅಪ್ಪ ನಮ್ಮೆಲ್ಲರಿಂದಲೂ ಮಾತು ತೆಗೆದುಕೊಂಡಿದ್ದ. ನಾನು ಒಪ್ಪಿಕೊಂಡಿದ್ದೆನೇ ಹೊರತು, ಒಳಗೊಳಗೇ ನನ್ನ ಮಗಳ ಹೆಸರೇ ಬರಲಿ ಎಂದು ದೇವರಿಗೆ ಹರಕೆ ಹೊತ್ತಿದ್ದೆ.

ಪಟ್ಟೇವಾಲಾ ಬಂದು ಮಗುವನ್ನು ಕರೆದ. ಮಗಳು ಎದ್ದು ಅವಳ ಒಂದು ಕೈ ಹಿಡಿದಳು. ಅಳಿಯ ಬಂದು ಇನ್ನೊಂದು ಕೈ ಹಿಡಿದ. ಮಗು ಇಬ್ಬರ ನಡುವೆ ಬಾಗಿಲ ಕಡೆಗೆ ನಡೆಯತೊಡಗಿತು.

“ಕೈ ಬಿಡ್ರಿ ಇಬ್ಬರೂ!”

ಅಪ್ಪ ಎದ್ದು ನಿಂತಿದ್ದ, ಕೋಲು ಕೆಳಗೆ ಬಿದ್ದಿತ್ತು. ಅಂಥ ದನಿ ಅವನಲ್ಲಿ ಇನ್ನೂ ಉಳಿದಿದೆಯೆಂದು ನಾನು ಅಂದುಕೊಂಡಿರಲಿಲ್ಲ. ವಕೀಲರು ತಿರುಗಿ ನೋಡಿದರು. ಇಬ್ಬರೂ ಕೈಬಿಟ್ಟರು. ಮಗು ಒಮ್ಮೆ ತನ್ನ ಮುತ್ಯಾನನ್ನು, ಅಂದರೆ ನನ್ನ ಅಪ್ಪನನ್ನು ನೋಡಿ, ತಾನೊಂದೇ ಒಳಗೆ ಹೋಯಿತು.

ಹೊರಗೆ ಬಂದಾಗ ಯಾರೂ ಕೇಳಲಿಲ್ಲ. ತಂದೆತಾಯಿ ಇಬ್ಬರೂ ಕೋರ್ಟಿನ ಸಮಾಲೋಚಕರ ಬಳಿ ಹೋಗಿ ಎಂದು ಹೇಳಿ ನ್ಯಾಯಾಧೀಶರು ಬೇರೆ ತಾರೀಖು ಕೊಟ್ಟರು. ಕೇಸು ಇನ್ನೂ ನಡೆಯುತ್ತಿದೆ.

ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಮಗು ನನ್ನ ಅಪ್ಪನ ಪಕ್ಕದಲ್ಲಿ ಕೂತಿತ್ತು. ಪಿಂಪ್ರಿ ದಾಟಿದ ಮೇಲೆ ತಾನಾಗಿಯೇ ಬಾಯಿಬಿಟ್ಟಿತು.

“ಮುತ್ಯಾ, ನಾ ಜಜ್ ಮ್ಯಾಡಮ್‌ಗೆ ಕೇಳ್ದೆ, ಉತ್ತರ ಕೊಡಲಿಲ್ಲ ಅಂದ್ರ ಚಾಲೇಲ್ ಕಾ, ನಡೀತೈತೇನು ಅಂತ. ಚಾಲೇಲ್ ಅಂದ್ರು. ಸಿಟ್ಟಿಗಿ ಬರಲಿಲ್ಲ. ಅದಕ್ಕ ಕೊಡಲೇ ಇಲ್ಲ.”

ಮುಂದಿನ ಸೀಟಿನಲ್ಲಿದ್ದ ಮಗಳು ಕಿಟಕಿಯ ಕಡೆ ತಿರುಗಿಕೊಂಡಳು.

“ಅವತ್ತ ಆ ಡೇರ್ಯಾಗ ಅವನಿಗೆ ಇದನ್ನ ಯಾರೂ ಹೇಳಲಿಲ್ಲ,” ಎಂದ ಅಪ್ಪ.

“ಯಾರಿಗೆ ಮುತ್ಯಾ?” ಎಂದು ಮಗು ಅವನ ಮುಖ ನೋಡಿತು.

ಅಪ್ಪ ಅಳುತ್ತಿದ್ದ. ಮುಖ ಮುಚ್ಚಿಕೊಳ್ಳಲಿಲ್ಲ, ಅವಳು ನೋಡುವಷ್ಟು ಹೊತ್ತೂ ಅವಳ ಕಡೆಗೇ ತಿರುಗಿ ಕೂತಿದ್ದ.