ಹೈದರಾಬಾದಿಗೆ ಹೋಗಲು ಒಂದು ಕಾಯಿಲೆ

ನನ್ನ ಕಣ್ಣು ಕೆಟ್ಟದ್ದು ಕ್ರಿಕೆಟ್ಟಿನಿಂದ ಎಂದರೆ ಕೇಳಿದವರು ಟೀವಿ ನೋಡಿ ನೋಡಿ ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಪಂದ್ಯಕ್ಕೆ ಹೋಗುವ ಸಲುವಾಗಿ ಅದನ್ನು ನಾನೇ ಕೆಡಿಸಿಕೊಂಡೆ, ಅದೂ ಬರೀ ಬಾಯಿಮಾತಿನಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ಬಸವಕಲ್ಯಾಣದಿಂದ ಹೈದರಾಬಾದಿಗೆ ಸುಮ್ಮನೆ ಹೋಗುವ ಪದ್ಧತಿ ಇರಲಿಲ್ಲ. ಹೋಗಲು ಒಂದು ಕಾಯಿಲೆ ಬೇಕು. ಬಸ್ಸಿನಲ್ಲಿ ಸಿಕ್ಕ ಪರಿಚಯದವರು 'ಯಾಕ ಹೊಂಟೀರಿ' ಎಂದು ಕೇಳುವುದಿಲ್ಲ, 'ಏನಾಗ್ಯದ್ರಿ' ಎನ್ನುತ್ತಾರೆ. ಹೃದಯಕ್ಕೆ ಹೋದವನಿಗೆ ಮರ್ಯಾದೆ ಹೆಚ್ಚು. ಆದ್ದರಿಂದ ಮೂಲವ್ಯಾಧಿಗೆ ಹೋದವನೂ ಹೃದಯ ಎಂದೇ ಹೇಳುತ್ತಾನೆ. ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ನಮ್ಮೂರನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯರು ಮೇಲಿಂದ ಮೇಲೆ ದಂಡೆತ್ತಿ ಹೋದದ್ದಕ್ಕೆ ಪುಸ್ತಕದಲ್ಲಿ ಗಡಿ, ಕಪ್ಪ, ಅವಮಾನ ಎಂದು ಕಾರಣ ಕೊಟ್ಟಿರುತ್ತಾರೆ. ಮಕ್ಕಳಿಗೆ ಅದನ್ನೇ ಬರೆಸುತ್ತೇನೆ. ಅರ್ಧಕ್ಕರ್ಧ ದಂಡಯಾತ್ರೆಗಳು ನಾಲ್ಕು ದಿನ ಮನೆಯಿಂದ ಹೊರಗಿರಲು ಹೇಳಿದ ನೆಪ ಎಂಬ ನನ್ನ ಸಂಶಯವನ್ನು ಮಾತ್ರ ಪರೀಕ್ಷೆಗೆ ಕೇಳುವುದಿಲ್ಲ.

ಹೈದರಾಬಾದಿನಲ್ಲಿ ಒಂದು ದಿನದ ಪಂದ್ಯವಿತ್ತು. ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳೆಯ ಸಿದ್ದಣ್ಣ ಹೇಗೋ ಎರಡು ಟಿಕೇಟು ತರಿಸಿದ. ಮೂವತ್ತು ದಾಟಿದ್ದರೂ ನಾನು ಆಟ ನೋಡಿದ್ದು ಟೀವಿಯಲ್ಲಿ, ಅದೂ ಕರೆಂಟು ಇದ್ದಾಗ. ಒಮ್ಮೆಯಾದರೂ ಮೈದಾನದಲ್ಲಿ ಕೂತು ನೋಡಬೇಕೆಂಬ ಆಸೆ ಎಷ್ಟಿತ್ತೆಂದರೆ, ಹದಿನೈದು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ಆಟಕ್ಕಾಗಿ ರಜೆ ಹಾಕುವವನನ್ನು ನಮ್ಮ ಅಪ್ಪ ಮಾಸ್ತರ ಎಂದು ಒಪ್ಪುವವರಲ್ಲ. ಆದ್ದರಿಂದ ಸಿದ್ದಣ್ಣ ಹಲ್ಲುನೋವು ಆರಿಸಿಕೊಂಡ, ನಾನು ಕಣ್ಣು ಆರಿಸಿಕೊಂಡೆ.

ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ದಿನದ ಯೋಜನೆ ಬರೆದೆ. ನಸುಕಿನ ನಾಲ್ಕಕ್ಕೆ ಬಸ್ಸು. ಹುಮನಾಬಾದಿನಲ್ಲಿ ಸಿದ್ದಣ್ಣ ಹತ್ತುವುದು. ಜಹೀರಾಬಾದಿನಲ್ಲಿ ಚಹಾ. ಒಂಬತ್ತಕ್ಕೆ ಮೈದಾನ. ಸಂಜೆ ವಾಪಸು ಬರುವಾಗ ಕಣ್ಣಿಗೆ ಕರವಸ್ತ್ರ ಹಿಡಿದುಕೊಳ್ಳುವುದು. ಇಷ್ಟು ಅಚ್ಚುಕಟ್ಟಾದ ಪಾಠಯೋಜನೆಯನ್ನು ನಾನು ಇಲಾಖೆಗೂ ಬರೆದುಕೊಟ್ಟವನಲ್ಲ.

ಹಿಂದಿನ ದಿನ ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, "ನನಗೂ ಈಗೀಗ ಮಬ್ಬು ಮಬ್ಬು ಕಾಣಾಕತ್ತದ ತಮ್ಮಾ. ನೀ ಹ್ಯಾಂಗೂ ಹೊಂಟೀದಿ, ನಂದೂ ತೋರಿಸ್ಕೊಂಡು ಬಂದ್ರಾಯ್ತು" ಎಂದಳು.

"ಕರ್ಕೊಂಡು ಹೋಗು" ಎಂದರು ಅಪ್ಪ.

ಯೋಜನೆ ತಿದ್ದಿದೆ. ಒಂಬತ್ತರಿಂದ ಹನ್ನೆರಡೂವರೆ ಕಣ್ಣಿನ ಆಸ್ಪತ್ರೆ. ಮೊದಲ ಇನಿಂಗ್ಸ್ ಸುಳ್ಳಿನ ದಂಡ. ಮಧ್ಯಾಹ್ನ ಎರಡನೆಯ ಇನಿಂಗ್ಸ್. ಅಷ್ಟು ಹೊತ್ತು ಅವ್ವನನ್ನು ಎಲ್ಲಿ ಕೂರಿಸುವುದು ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ.

ಬಸ್ಸು ರಾಜೇಶ್ವರ ಊರು ದಾಟಿದರೂ ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಬ್ಬು ಕಾಣುವವಳು ಕತ್ತಲಲ್ಲಿ ಏನು ನೋಡುತ್ತಿದ್ದಾಳೆ ಎಂದು ನನಗೆ ಹೊಳೆಯಬೇಕಿತ್ತು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಣ್ಣ ಚೀಲವಿಲ್ಲದೆ ನಿಂತಿದ್ದ. ಕೆನ್ನೆ ಊದಿತ್ತು. ಅವನ ನೋವು ನೋಡಲಾರದೆ ಮನೆಯವರು ಹಿಂದಿನ ಸಂಜೆ ಊರಲ್ಲೇ ಹಲ್ಲು ಕೀಳಿಸಿಬಿಟ್ಟಿದ್ದರು. "ಗಟ್ಟಿ ಹಲ್ಲಿತ್ತೋ" ಎಂದಷ್ಟೇ ಹೇಳಿದ. ಹೈದರಾಬಾದಿಗೆ ಹೋಗಲು ಅವನ ಬಳಿ ಇನ್ನು ಯಾವ ಕಾರಣವೂ ಇರಲಿಲ್ಲ. ಅವ್ವನಿಗೆ ಕಾಣದಂತೆ ಕೆಳಗಿಳಿದು ಬಂದಿದ್ದ ನನ್ನ ಕೈಗೆ ಎರಡೂ ಟಿಕೇಟನ್ನು ಇಟ್ಟು ಹಿಂದಿರುಗಿ ನೋಡದೆ ಹೋದ.

ಆಸ್ಪತ್ರೆಯಲ್ಲಿ ಮೊದಲು ನನ್ನನ್ನೇ ಕರೆದರು. ನನಗೇನೂ ಆಗಿಲ್ಲ, ಸುಮ್ಮನೆ ಬರೆದುಕೊಳ್ಳಿ ಎಂದು ಹೇಳಬೇಕೆನ್ನುವಷ್ಟರಲ್ಲಿ ನರ್ಸಮ್ಮ ಎರಡೂ ಕಣ್ಣಿಗೆ ಔಷಧದ ಹನಿ ಬಿಟ್ಟಾಗಿತ್ತು. ಸಂಜೆಯವರೆಗೆ ಎಲ್ಲ ಮಸುಕಾಗಿ ಕಾಣುತ್ತದೆ, ಬಿಸಿಲಿಗೆ ಹೋಗಬೇಡಿ ಎಂದಳು. ಡಾಕ್ಟರು ಪರೀಕ್ಷಿಸಿ, ಎರಡೂ ಕಣ್ಣಿಗೆ ನಂಬರು ಬಂದಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಚಷ್ಮಾ ಹಾಕಿ, ವರ್ಷಕ್ಕೊಮ್ಮೆ ತೋರಿಸಿ ಎಂದು ಬೈದರು. ಅವ್ವ ಗೋಡೆಯ ಹಲಗೆಯ ಮೇಲಿನ ಗುರುತುಗಳನ್ನು ಕೆಳಗಿನ ಸಣ್ಣ ಸಾಲಿನವರೆಗೂ ಪಟಪಟನೆ ಹೇಳಿದಳು. ಅಮ್ಮನ ಕಣ್ಣಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಅವ್ವ ನೆಲ ನೋಡಿದಳು.

ಹೊರಗೆ ಬಿಸಿಲಿಗೆ ಕಣ್ಣು ತೆರೆಯಲಾಗಲಿಲ್ಲ. ಅವ್ವನೇ ಕೈ ಹಿಡಿದು ರಸ್ತೆ ದಾಟಿಸಿದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಟಿಕೇಟು ತೆಗೆದು ಎಲ್ಲ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ಎರಡ ಅವಲ್ಲ? ನಡಿ ಮತ್ತ."

ಮೈದಾನದಲ್ಲಿ ನನಗೆ ಕಂಡದ್ದು ಹಸಿರು ಮಂಜು. ಅದರಲ್ಲಿ ಏನೋ ಅಲುಗಾಡುತ್ತಿತ್ತು. ಸುತ್ತ ಸಾವಿರಾರು ಜನ ಎದ್ದು ಕೂಗಿದಾಗ ನಾನೂ ಎದ್ದು, ಯಾಕೆಂದು ತಿಳಿಯದೆ ಕೂತೆ. ಅಳು ಬಂತು. ಔಷಧದ ನೀರು ಎನ್ನುವ ಅನುಕೂಲವಿತ್ತು. ಅವ್ವ ಸ್ವಲ್ಪ ಹೊತ್ತು ನೋಡಿ, ಕಿವಿಯ ಹತ್ತಿರ ಬಾಗಿ ಶುರು ಮಾಡಿದಳು:

"ಒಬ್ಬಾಂವ ದೂರದಿಂದ ಓಡಿ ಬರಾಕತ್ತಾನ. ಒಗದ. ಹೊಡದ! ಬೇಲಿ ದಾಟಿ ಹೋಯ್ತು. ಬಿಳಿ ಅಂಗಿಯಾಂವ ಎರಡೂ ಕೈ ಮ್ಯಾಲೆ ಎತ್ಯಾನ, ಅವಗೇನು ಬ್ಯಾಸರೋ ಏನೋ... ಈಗ ಹೊಡಿಯಾಂವ ಮಾರಿ ಸಣ್ಣ ಮಾಡ್ಕೊಂಡು ಹೊಂಟಾನ. ಯಾರೂ ಇರು ಅನವಲ್ಲರು ನೋಡು. ಆ ಬೇಲಿ ಹತ್ರ ಒಬ್ಬ ಹುಡುಗ ಆಗಿಂದ ನಿಂತಾನ, ಅವನ ಕಡೆ ಚಂಡು ಒಮ್ಮೆನೂ ಬಂದಿಲ್ಲ."

ಸಂಜೆಯ ಹೊತ್ತಿಗೆ ನಾವು ಗೆದ್ದೆವು ಎಂದು ಅವಳೇ ನನಗೆ ತಿಳಿಸಿದಳು. ಜನ ಕರಗುವವರೆಗೆ ಕೂತಿದ್ದಾಗ ಕೇಳಿದೆ, "ಅವ್ವಾ, ನಿನಗ ಕಣ್ಣು ಚಲೋ ಅವಲ್ಲ. ಮತ್ಯಾಕ ಬಂದಿ?"

"ಹೈದರಾಬಾದ ನಾ ನೋಡಿದ್ದಿಲ್ಲ" ಎಂದಳು. "ನೀವೆಲ್ಲಾರೂ ಹೋಗಿ ಬರ್ತೀರಿ. ಯಾರೂ ಬಾ ಅಂದಿಲ್ಲ. ನನಗ ಜಡ್ಡೂ ಬರಲಿಲ್ಲ."

ನನಗೆ ನಾಚಿಕೆಯಾಯಿತು. ಪಂದ್ಯ ನೋಡಲಾಗದ್ದಕ್ಕೆ ಒಂದು ಮಧ್ಯಾಹ್ನ ಅತ್ತವನು ನಾನು. ಇವಳು ಇಷ್ಟು ವರ್ಷ ಆರೋಗ್ಯವಾಗಿದ್ದಳು, ನಾವು ಅದನ್ನು ಸಂತೋಷವೆಂದು ತಿಳಿದಿದ್ದೆವು.

ಮರುದಿನ ಚಹಾ ಕುಡಿಯುತ್ತಾ ಅಪ್ಪ, ಡಾಕ್ಟರು ಏನಂದರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು:

"ನಂದೇನಿಲ್ರಿ. ಇವನ ಕಣ್ಣ ಭಾಳ ಕೆಟ್ಟಾವ. ಆರು ತಿಂಗಳಿಗೊಮ್ಮೆ ತೋರಿಸಬೇಕಂತ. ಔಷಧ ಹಾಕಿದ ಮ್ಯಾಲೆ ಕೈ ಹಿಡಿಲಾಕ ಜೋಡಿ ಒಬ್ರು ಬೇಕಂತ."

ತಪ್ಪು ಕಂಡರೆ ತಿದ್ದುವುದು ಮಾಸ್ತರನ ಚಾಳಿ. ವರ್ಷಕ್ಕೊಮ್ಮೆ ಎನ್ನಲು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. "ಆರು ತಿಂಗಳಂದ್ರ ತಡ ಆಗ್ತದ" ಎಂದೆ.