ಸಂಕದ ನಾಲ್ಕನೆಯ ಚುಕ್ಕೆ

1943ರಲ್ಲಿ ನಾನು ಕುಂದಾಪುರದ ಹೊಳೆಬದಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದೆ. ಮದುವೆಗೆ ಮುಂಚಿನ ಎರಡೇ ವರ್ಷದ ಉದ್ಯೋಗ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ ಲೆಕ್ಕಕ್ಕಿಂತ, ಪುಸ್ತಕದಲ್ಲಿ ಒಂದು ಕಲೆಯೂ ಇರಕೂಡದೆಂಬ ಅವರ ಕಟ್ಟುನಿಟ್ಟು ನನಗೆ ಹೆಚ್ಚು ಅಂಟಿತ್ತು.

ಎಂಟನೆಯ ತರಗತಿಗೆ ಗ್ರಾಫ್ ಕಲಿಸಬೇಕಿತ್ತು. ಯುದ್ಧದ ಕಾಲ, ಚೌಕುಳಿ ಕಾಗದ ಸಿಗುತ್ತಿರಲಿಲ್ಲ; ಹುಡುಗಿಯರೇ ಗೆರೆ ಎಳೆದು ಚೌಕ ಮಾಡಿಕೊಂಡರು. ಎರಡು ಬೆಂಚುಗಳ ನಡುವೆ ಬಿದಿರಿನ ಸೀಳು ಇಟ್ಟು, ಮಧ್ಯಕ್ಕೆ ಒಂದೊಂದೇ ಸೇರು ಅಕ್ಕಿಯ ಚೀಲ ತೂಗುಹಾಕಿದೆವು. ಒಂದು ಚೀಲಕ್ಕೆ ಬಾಗಿದ್ದರ ಎರಡರಷ್ಟು ಎರಡಕ್ಕೆ. ಚುಕ್ಕೆಗಳನ್ನು ಸೇರಿಸಿದರೆ ನೇರ ಗೆರೆ. ಗೆರೆಯೊಂದು ಸಿಕ್ಕಿದರೆ, ಇನ್ನೂ ತೂಗುಹಾಕದ ಭಾರಕ್ಕೆ ಎಷ್ಟು ಬಾಗೀತೆಂದು ಮೊದಲೇ ಹೇಳಬಹುದು ಎಂದೆ.

ಹಿಂದಿನ ಬೆಂಚಿನ ಗಿರಿಜೆ ಎದ್ದು ನಿಂತಳು. "ನಮ್ಮನಿ ಸಂಕವೂ ಹೀಂಗೇ ಬಗ್ಗತ್ತಾ ಟೀಚರೇ?"

ಅವಳ ಮನೆಯ ದಾರಿಯಲ್ಲಿ ತೋಡಿನ ನೀರು ದಾಟಲು ಒಂದು ತೆಂಗಿನ ಮರವನ್ನು ಅಡ್ಡ ಹಾಕಿದ್ದರು. ಅದೇ ಸಂಕ. ಮರುದಿನ ಬೆಳಿಗ್ಗೆ ನೀರಿಳಿದ ಹೊತ್ತಿಗೆ ಎಲ್ಲರೂ ಅಲ್ಲಿಗೆ ಹೋದೆವು. ಮರದ ನಡುವಿಗೆ ಮರಳು ತುಂಬಿದ ಸೀಮೆಎಣ್ಣೆ ಡಬ್ಬಿಗಳನ್ನು ಕಟ್ಟುತ್ತ ಹೋದೆವು. ಪಕ್ಕದಲ್ಲಿ ಹುಗಿದ ಗೂಟದ ಮೇಲೆ ಗಿರಿಜೆ ಇದ್ದಿಲಿನಿಂದ ಗುರುತು ಹಾಕಿದಳು. ಒಂದು ಡಬ್ಬಿಗೆ ಅರ್ಧ ಇಂಚು, ಎರಡಕ್ಕೆ ಒಂದು, ಮೂರಕ್ಕೆ ಒಂದೂವರೆ. ನಾಲ್ಕನೆಯದಕ್ಕೆ ಎರಡು ಬರಬೇಕು. ಅವಳು ಎರಡೂಮುಕ್ಕಾಲು ಎಂದಳು.

ಮಧ್ಯಾಹ್ನ ತರಗತಿಯಲ್ಲಿ ಆ ಚುಕ್ಕೆ ಗೆರೆಯಿಂದ ದೂರ ಕೂತಿತ್ತು. ಮರುದಿನ ಇನ್ಸ್‌ಪೆಕ್ಟರ್ ಬರುವವರಿದ್ದರು. ನಾನು ರಬ್ಬರ್ ತೆಗೆದುಕೊಂಡು ಅವಳ ಚುಕ್ಕೆಯನ್ನು ಅಳಿಸಿ ಎರಡರ ಮೇಲಿಟ್ಟೆ.

"ನಾನ್ ಸಮಾ ಕಂಡೇ ಬರ್ದದ್ದ್ ಟೀಚರೇ."

"ಕೈ ಅಲುಗಿರಬೇಕು ಮಗೂ."

ಅಳಿಸಿದ ಜಾಗವನ್ನು ಅವಳು ಬೆರಳಿನಿಂದ ಸವರಿದಳು.

ಶಾಲೆ ಬಿಟ್ಟ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಪುಸ್ತಕಗಳನ್ನು ಜೋಡಿಸಿದೆ, ಮತ್ತೆ ಜೋಡಿಸಿದೆ. ಬೆಳಿಗ್ಗೆ ಡಬ್ಬಿಗಳನ್ನು ಬಿಚ್ಚಿದಾಗ ಮರ ಭಾರ ಕಟ್ಟುವ ಮುಂಚಿನ ಗುರುತಿಗೆ ಏರಿರಲಿಲ್ಲ, ಒಂದು ಬೆರಳು ಕೆಳಗೇ ನಿಂತಿತ್ತು. ಅದನ್ನು ನಾನೂ ಕಂಡಿದ್ದೆ. ಬಾಗಿದ ಮರ ಭಾರ ಇಳಿದರೆ ಏಳಬೇಕು. ಏಳಲಿಲ್ಲವೆಂದರೆ ಅದು ಬಾಗಿದ್ದಲ್ಲ, ಕುಸಿದದ್ದು. ಕೊಡೆಯನ್ನೂ ಮರೆತು ಓಡಿದೆ.

ಸಂಕದ ಬುಡದಲ್ಲಿ ಗಿರಿಜೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಎದುರಿಗೆ ಹುಲ್ಲಿನ ಹೊರೆ ಹೊತ್ತ ಅವಳ ಅಬ್ಬೆ, ಹಿಂದೆ ಇನ್ನಿಬ್ಬರು ಹೆಂಗಸರು.

"ಹ್ವಾಯ್, ದಾರಿ ಬಿಡ್ ಹೆಣ್ಣೇ! ಕುತ್ಗಿ ಮುರೀತಿತ್ತ್ ನಂಗೆ."

"ಬ್ಯಾಡ ಅಬ್ಬೆ, ಸಂಕ ಕುಸ್ದ್ ಕೂತಿತ್ತ್."

ಹಿಂದಿನ ಹೆಂಗಸು ನಕ್ಕಳು. "ಎಂತ ಕೂಕಂಬುದ್? ನಿನ್ ಪುಸ್ತಕದಗೇ ಎರಡಿಂಚ್ ಅಂತ ಇತ್ತಂಬ್ರಲೆ, ನಮ್ಮನಿ ಹೆಣ್ ಹೇಳ್ತ್. ಟೀಚರಿಗಿಂತ ನೀ ದೊಡ್ಡವ್ಳಾ?"

ಗಿರಿಜೆ ನನ್ನನ್ನು ನೋಡಿದಳು. ಓಡಿಬಂದ ಏದುಸಿರಿನಲ್ಲೇ ಹೇಳಿದೆ: "ಅವಳು ಬರೆದದ್ದು ಸರಿಯಾಗಿತ್ತು. ಅಳಿಸಿದವಳು ನಾನು. ಯಾರೂ ದಾಟಬೇಡಿ."

ಅಬ್ಬೆ ಹೊರೆ ಇಳಿಸಿ, ದೋಣಿಯವನೊಬ್ಬನನ್ನು ಕೂಗಿದರು. ಅವನು ಆಚೆ ದಡದಲ್ಲಿ, ಮರ ಕೂತಿದ್ದ ಮಣ್ಣಿನ ಕೆಳಗೆ ದೋಣಿ ತಳ್ಳುವ ಜಲ್ಲೆಯಿಂದ ತಿವಿದ. ಜಲ್ಲೆ ಮೊಳದುದ್ದ ಸಲೀಸಾಗಿ ಒಳಹೋಯಿತು. ಏಡಿಗಳು ಕೊರೆದು ಕೊರೆದು ದಡವನ್ನು ಪೊಳ್ಳು ಮಾಡಿದ್ದವು. ಇನ್ನೊಮ್ಮೆ ತಿವಿಯುವಷ್ಟರಲ್ಲಿ ಮಣ್ಣು ಜರಿದು ಮರದ ತುದಿ ನೀರಿಗೆ ಬಿತ್ತು.

ಯಾರೂ ನಗಲಿಲ್ಲ. ಅಬ್ಬೆ ಮಗಳ ತಲೆ ಮುಟ್ಟಿ, "ಹೊರೆ ಹಿಡಿ, ಸುತ್ ಹಾಕಿ ಹೋಪ" ಎಂದರು.

ಮರುದಿನ ಇನ್ಸ್‌ಪೆಕ್ಟರ್ ಆ ಪುಟದಲ್ಲಿ ತಡೆದರು. ರಬ್ಬರ್ ಉಜ್ಜಿ ಕಾಗದ ತೆಳುವಾದ ಜಾಗದಲ್ಲೇ ನಾಲ್ಕನೆಯ ಚುಕ್ಕೆ ಮರಳಿ ಕೂತಿತ್ತು, ಗೆರೆಯಿಂದ ಹೊರಗೆ. "ಇದೇನು ಕೊಳಕು?" ಎಂದು ಕೇಳಿದರು. "ಕೊಳಕು ನನ್ನದು ಸರ್, ಚುಕ್ಕೆ ಅವಳದು," ಎಂದೆ.

ಗೆರೆ ಎಳೆಯುವುದನ್ನು ಯಾರೂ ಕಲಿಸಬಹುದು. ಅದರ ಹೊರಗೆ ಬಿದ್ದ ಚುಕ್ಕೆಯಿದ್ದಲ್ಲಿಗೆ ಎದ್ದು ಹೋಗಿ ನೋಡಬೇಕೆಂದು ನನಗೆ ಕಲಿಸಿದವಳು ಗಿರಿಜೆ. ಆಮೇಲೆ ನಾನು ತರಗತಿಗೆ ರಬ್ಬರ್ ಒಯ್ಯಲಿಲ್ಲ.